ನಾಸಾಸಂಧಾನ: ಸಂಹಿತೆಯ ವಿಧಿಯೂ ಶ್ರೀರಂಗಪಟ್ಟಣದ ಯುದ್ಧಕಾಲದ ವಿಧಿಯೂ

ಅಂಗದ ರೂಪವನ್ನು ಕುರಿತ ಶಸ್ತ್ರಕ್ರಿಯೆ ಎರಡು ಬಗೆಯಾಗಿದೆ. ನಷ್ಟವಾದ ಅಂಗವನ್ನು ಮರಳಿ ಕಟ್ಟುವುದು ಪುನಾರಚನೆ. ಇರುವ ಅಂಗದ ಅಂದವನ್ನು ಹೆಚ್ಚಿಸುವುದು ಸೌಂದರ್ಯಚಿಕಿತ್ಸೆ. ಮೊದಲನೆಯ ಬಗೆಯಲ್ಲಿ ನಾಸಾಸಂಧಾನವು ಬಹು ಪ್ರಾಚೀನವಾದುದು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕಿವಿಯ ಹಾಲೆಯನ್ನು ಕೂಡಿಸುವ 15 ಬಂಧಗಳನ್ನು ಹೇಳಿ ಬಳಿಕ ಮೂಗಿನ ವಿಧಿಯನ್ನು ಹೇಳುತ್ತದೆ. ಮೂಗಿನ ಅಳತೆಯ ಎಲೆಯೊಂದನ್ನು ತೆಗೆದುಕೊಂಡು, ಆ ಪ್ರಮಾಣದಲ್ಲಿ ಗಂಡಪಾರ್ಶ್ವದಿಂದ, ಎಂದರೆ ಕೆನ್ನೆಯ ಮಗ್ಗುಲಿನಿಂದ, ಚರ್ಮವನ್ನೆತ್ತಿ, ಮೂಗಿನ ತುದಿಯನ್ನು ಕೆರೆದು ಹೊಂದಿಸಬೇಕು. ಒಳಗೆ ಎರಡು ನಾಳಗಳನ್ನಿಡಬೇಕು. ಯಷ್ಟಿಮಧು ಮೊದಲಾದವುಗಳ ಪುಡಿಯನ್ನು ಉದುರಿಸಿ, ಬಿಳಿಯ ಹತ್ತಿಯಿಂದ ಮುಚ್ಚಿ, ಎಳ್ಳೆಣ್ಣೆಯಿಂದ ನೆನೆಸಬೇಕು.

ಎರಡನೆಯ ವಿಧಿಗೆ ಸಾಕ್ಷಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ 1794ನೆಯ ಅಕ್ಟೋಬರಿನಲ್ಲಿ ಅಚ್ಚಾದ ಒಂದು ಪತ್ರ. ಆಂಗ್ಲ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿಯಲ್ಲಿದ್ದ ಮುಂಬಯಿ ಸೈನ್ಯವನ್ನು ಸೇರಿದನೆಂದು ಅದರಲ್ಲಿ ಹೇಳಿದೆ. ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಇದ್ದ ಅವನಿಗೆ ಪುಣೆಯ ಹತ್ತಿರದ ಒಬ್ಬ ಇಟ್ಟಿಗೆಗಾರನು ಮೂಗು ಕಟ್ಟಿದನು. ಮೇಣದ ತೆಳುಹಾಳೆಯಿಂದ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ, ಸುತ್ತ ಗೆರೆ ಬರೆದು ಚರ್ಮವನ್ನು ಬಿಡಿಸಿದನು. ಕಣ್ಣುಗಳ ನಡುವೆ ಮಾತ್ರ ಒಂದು ತೊಟ್ಟನ್ನು ಉಳಿಸಿ, ಚರ್ಮವನ್ನು ತಿರುಗಿಸಿ ಮೂಗಿನ ಬುಡಕ್ಕೆ ಕೂಡಿಸಿದನು. ಕಾಚು ಬಳಿದ ಬಟ್ಟೆಯನ್ನು ನಾಲ್ಕು ದಿನ ಹಾಗೆಯೇ ಬಿಟ್ಟು, ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನಿಟ್ಟರು. ಸುಮಾರು 25ನೆಯ ದಿನ ತೊಟ್ಟನ್ನು ಕತ್ತರಿಸಿದರು. ಅದುವರೆಗೆ ಹೊಸ ಚರ್ಮಕ್ಕೆ ರಕ್ತವು ಒದಗುತ್ತಿದ್ದುದು ಆ ತೊಟ್ಟಿನಿಂದಲೇ.

ಎರಡನ್ನೂ ಸುಶ್ರುತನ ವಿಧಿಯೆಂದು ಒಂದಾಗಿ ಹೇಳುವುದು ರೂಢಿಯಾಗಿದೆ. ಆದರೆ ಮೂಲದಲ್ಲಿರುವುದು ಕೆನ್ನೆ, ಹಣೆಯಲ್ಲ. ಶ್ಲೋಕದ ‘ಅವಲಂಬಿ’ ಎಂಬ ಪದವೂ ಅನ್ವಯದಲ್ಲಿ ಎಲೆಗೆ ಸೇರುವುದೇ ಹೊರತು ಚರ್ಮಕ್ಕಲ್ಲ. ತೊಟ್ಟುಳಿಸುವ ಅರ್ಥವನ್ನು ಅದರಿಂದ ಪಡೆಯುವುದು ಕ್ಲಿಷ್ಟಕಲ್ಪನೆ. ಆದಕಾರಣ ಹಣೆಯ ವಿಧಿಯನ್ನು ಗ್ರಂಥದ ನೇರ ಸಂತಾನವೆನ್ನುವುದಕ್ಕಿಂತ, ಕುಲಕಸುಬಿನವರು ಕೈಯಿಂದ ಕೈಗೆ ದಾಟಿಸಿ ಬೆಳೆಸಿದ ವಿದ್ಯೆಯೆನ್ನುವುದೇ ಯುಕ್ತ.

ಲೋಕಕ್ಕೆ ಹರಡಿದುದೂ ಈ ವಿಧಿಯೇ. ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದನ್ನು ನಡೆಸಿ 1816ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಹಣೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವು ಇಂದಿನ ವೈದ್ಯರಲ್ಲಿಯೂ ಬಳಕೆಯಲ್ಲಿದೆ. ಸಂಹಿತೆಯ ಹಿರಿಮೆಯನ್ನು ಹೇಳುವಾಗ ಹೆಸರು ಉಳಿಯದ ಆ ಇಟ್ಟಿಗೆಗಾರನ ಪಾಲನ್ನು ಅವನಿಗೇ ಸಲ್ಲಿಸುವುದು ಪಾಠ ಹೇಳುವವರ ಧರ್ಮ. ಅದರಿಂದ ಶಾಸ್ತ್ರದ ಗೌರವಕ್ಕೆ ಕುಂದೇನೂ ಇಲ್ಲ.