ಬಾರದ ಮನೆಗೆ ಕಾಯುವ ಲೆಕ್ಕ

ಫ್ಲ್ಯಾಟ್ ಬುಕ್ ಮಾಡಿ ಐದಾರು ವರ್ಷವಾದರೂ ಕೀ ಸಿಗದ ಕುಟುಂಬಗಳಲ್ಲಿ ಒಂದೇ ಚರ್ಚೆ ಮತ್ತೆ ಮತ್ತೆ ನಡೆಯುತ್ತದೆ. ‘ಸಾಕು, ದುಡ್ಡು ವಾಪಸ್ ಕೇಳೋಣ’ ಎಂದು ಒಬ್ಬರು, ‘ಇಷ್ಟು ಲಕ್ಷ ಸುರಿದ ಮೇಲೆ ಈಗ ಬಿಟ್ಟರೆ ಎಲ್ಲ ಹೋದಂತೆ’ ಎಂದು ಇನ್ನೊಬ್ಬರು. ಹೆಚ್ಚಾಗಿ ಗೆಲ್ಲುವುದು ಎರಡನೆಯ ಮಾತು. ಅದು ವಿವೇಕದ ಮಾತಿನಂತೆ ಕೇಳಿಸುತ್ತದೆ, ಆದರೆ ಅದರ ಬುಡದಲ್ಲೇ ತಪ್ಪಿದೆ. ನೀವು ಉಳಿದರೂ ಹೊರಬಂದರೂ, ಕೊಟ್ಟ ಹಣ ಆಗಲೇ ಬಿಲ್ಡರನ ಕೈ ಸೇರಿದೆ. ಈಗ ನಿಮ್ಮ ಬಳಿ ಇರುವುದು ಅವನ ಮೇಲಿನ ಒಂದು ಹಕ್ಕು ಮಾತ್ರ. ಅದನ್ನು ಮನೆಯ ರೂಪದಲ್ಲಿ ಕೇಳಬಹುದು, ಇಲ್ಲವೇ ಬಡ್ಡಿ ಸಹಿತ ಹಣದ ರೂಪದಲ್ಲಿ ಕೇಳಬಹುದು. ಹಾಗಾಗಿ ಎಷ್ಟು ಹಾಕಿದ್ದೇವೆ ಎಂಬುದು ಈ ತೀರ್ಮಾನಕ್ಕೆ ಆಧಾರವಾಗಲಾರದು. ಇವತ್ತಿನ ಸ್ಥಿತಿಯಲ್ಲಿ ಈ ಬಿಲ್ಡರನಿಂದ ಯಾವುದು ನಿಜವಾಗಿ ಹೊರಬರಬಲ್ಲದು, ಮನೆಯೋ ಹಣವೋ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ಈ ವಿಷಯದಲ್ಲಿ ಹಬ್ಬಿರುವ ತಪ್ಪು ಕಲ್ಪನೆಗಳು ಬಹುಪಾಲು ಈ ಪ್ರಶ್ನೆಯಿಂದ ಗಮನ ಬೇರೆಡೆ ಸೆಳೆಯುವಂಥವು. ಕೆಲವು ಜನರನ್ನು ವೃಥಾ ಹೆದರಿಸುತ್ತವೆ, ಕೆಲವು ವೃಥಾ ಧೈರ್ಯ ತುಂಬುತ್ತವೆ.

ಹೆದರಿಸುವ ಕಲ್ಪನೆಗಳಲ್ಲಿ ಮೊದಲನೆಯದು, ಹಿಂದೆ ಸರಿದರೆ ಬುಕಿಂಗ್ ಹಣ ಮುಟ್ಟುಗೋಲಾಗುತ್ತದೆ ಎಂಬುದು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ, ಅಂದರೆ ರೇರಾದ, 18ನೇ ಸೆಕ್ಷನ್ ಹೇಳುವುದು ಇದಕ್ಕೆ ತದ್ವಿರುದ್ಧ. ಅಗ್ರಿಮೆಂಟಿನಲ್ಲಿ ನಮೂದಾದ ದಿನಕ್ಕೆ ಮನೆ ಕೊಡದಿದ್ದರೆ, ಕೊಂಡವರು ಯೋಜನೆಯಿಂದ ಹೊರಬರಲು ಇಚ್ಛಿಸಿದಲ್ಲಿ ಪೂರ್ತಿ ಹಣವನ್ನು ಬಡ್ಡಿಯೊಂದಿಗೆ ಹಿಂದಿರುಗಿಸಬೇಕು. ಉಳಿಯಲು ಇಚ್ಛಿಸಿದಲ್ಲಿ, ಸ್ವಾಧೀನ ಕೊಡುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೊಡಬೇಕು. ಆಯ್ಕೆ ಕೊಂಡವರದು, ಬಿಲ್ಡರನದಲ್ಲ. 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಯಾವ ಷರತ್ತಿಗೂ ಒಳಪಟ್ಟಿಲ್ಲ ಎಂದು ಸ್ಪಷ್ಟಪಡಿಸಿತು. ಅನಿರೀಕ್ಷಿತ ಘಟನೆ, ನ್ಯಾಯಾಲಯದ ತಡೆಯಾಜ್ಞೆ ಇಂಥ ಕಾರಣಗಳನ್ನು ಮುಂದೊಡ್ಡಿಯೂ ಅದನ್ನು ತಪ್ಪಿಸಿಕೊಳ್ಳಲಾಗದು. ಕರ್ನಾಟಕದ 2017ರ ನಿಯಮಗಳ ಪ್ರಕಾರ ಬಡ್ಡಿಯ ದರ ಸ್ಟೇಟ್ ಬ್ಯಾಂಕಿನ ಸಾಲಗಳಿಗೆ ಆಧಾರ ಬಡ್ಡಿದರವಾದ ಅತ್ಯಧಿಕ ಎಂಸಿಎಲ್‌ಆರ್‌ಗಿಂತ ಶೇ 2 ಹೆಚ್ಚು.

ಮುಟ್ಟುಗೋಲಿನ ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. ಗೋದ್ರೆಜ್ ಪ್ರಾಜೆಕ್ಟ್ಸ್ ಪ್ರಕರಣದಲ್ಲಿ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕೊಂಡವರೇ ಬೇಡವೆಂದು ರದ್ದು ಮಾಡಿದಾಗ ಮೂಲ ಬೆಲೆಯ ಶೇ 20ರಷ್ಟನ್ನು ಹಿಡಿದುಕೊಳ್ಳುವುದು ಅತಿಯಾಯಿತು, ಶೇ 10 ಹಿಡಿದುಕೊಳ್ಳಬಹುದು ಎಂದಿತು. ಅಲ್ಲಿ ಮನೆ ಸಿದ್ಧವಿತ್ತು. ಮಾರುಕಟ್ಟೆ ದರ ಕುಸಿದದ್ದರಿಂದ ಕೊಂಡವರು ಹಿಂಜರಿದಿದ್ದರು. ತಡವಾದ್ದರಿಂದ ಹೊರಬರುವುದಕ್ಕೂ ಮನಸ್ಸು ಬದಲಾಗಿ ಹೊರಬರುವುದಕ್ಕೂ ಕಾನೂನಿನ ಕಣ್ಣಲ್ಲಿ ಅಜಗಜಾಂತರ. ಬಿಲ್ಡರನ ಕಚೇರಿಗೆ ಹೋಗಿ ‘ಕ್ಯಾನ್ಸಲ್ ಮಾಡಬೇಕು’ ಎಂದರೆ ಅಲ್ಲಿ ಕೊಡುವ ಅಚ್ಚಾದ ಫಾರ್ಮಿನಲ್ಲಿ ಹಲವೊಮ್ಮೆ ‘ವೈಯಕ್ತಿಕ ಕಾರಣಗಳಿಂದ’ ಎಂಬ ಸಾಲು ಮೊದಲೇ ಇರುತ್ತದೆ. ಆ ಸಾಲಿನ ಕೆಳಗೆ ಸಹಿ ಹಾಕಿದವರು ಮೊದಲನೆಯ ಗುಂಪಿನಿಂದ ಎರಡನೆಯದಕ್ಕೆ ತಾವಾಗಿಯೇ ದಾಟಿಬಿಡುತ್ತಾರೆ. ಹೊರಬರಲು ಬರೆಯುವ ಪತ್ರ ನಿಮ್ಮದೇ ಆಗಿರಬೇಕು. ಅಗ್ರಿಮೆಂಟಿನ ದಿನಾಂಕ, ಅದರಲ್ಲಿರುವ ಸ್ವಾಧೀನದ ಗಡುವು, ಗಡುವು ಮೀರಿ ಕಳೆದ ಅವಧಿ, 18ನೇ ಸೆಕ್ಷನ್ನಿನ ಉಲ್ಲೇಖ, ಇಷ್ಟೂ ಅದರಲ್ಲಿರಬೇಕು. ಈ ಒಂದು ಎಚ್ಚರ ತಪ್ಪಿದ್ದಕ್ಕೆ ಲಕ್ಷಾಂತರ ರೂಪಾಯಿ ಹೋಗುವುದು ನಿಜಕ್ಕೂ ಸಂಕಟದ ಸಂಗತಿ.

‘ಗಡುವು ಇನ್ನೂ ಮುಗಿದಿಲ್ಲ, ರೇರಾದಲ್ಲಿ ನಮಗೆ ವಿಸ್ತರಣೆ ಸಿಕ್ಕಿದೆ’ ಎಂಬ ಉತ್ತರವನ್ನೂ ಬಹಳ ಮಂದಿ ನಂಬಿ ಸುಮ್ಮನಾಗುತ್ತಾರೆ. ಯೋಜನೆಯ ನೋಂದಣಿಯ ಅವಧಿ ಬೇರೆ, ನಿಮ್ಮ ಅಗ್ರಿಮೆಂಟಿನ ದಿನಾಂಕ ಬೇರೆ. ನೋಂದಣಿ ಮಾಡುವಾಗ ಬಿಲ್ಡರ್ ಹೊಸ ದಿನಾಂಕ ಘೋಷಿಸಿದ ಮಾತ್ರಕ್ಕೆ ಹಳೆಯ ಕರಾರು ತಿದ್ದಿದಂತಾಗುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2017ರಲ್ಲೇ ಹೇಳಿತು. 2020ರ ಇಂಪೀರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದೇ ನಿಲುವು ತಾಳಿತು. ಹಳೆಯ ಅಗ್ರಿಮೆಂಟಿನಲ್ಲಿ ದಿನಾಂಕವೇ ಇಲ್ಲದಿದ್ದರೆ? ಅಂಥ ಸಂದರ್ಭದಲ್ಲಿ ಮೂರು ವರ್ಷ ನ್ಯಾಯಯುತ ಅವಧಿಯೆಂದು 2018ರ ಫಾರ್ಚೂನ್ ಇನ್‌ಫ್ರಾಸ್ಟ್ರಕ್ಚರ್ ತೀರ್ಪು ಪರಿಗಣಿಸಿದೆ.

ಕರಾರಿನಲ್ಲಿ ಬರೆದಷ್ಟೇ ಪರಿಹಾರ ಸಿಗುವುದು ಎಂಬ ನಂಬಿಕೆಯೂ ಗಟ್ಟಿಯಾಗಿ ಬೇರೂರಿದೆ. ಬೆಂಗಳೂರಿನ ಬೇಗೂರಿನಲ್ಲಿ ಡಿಎಲ್‌ಎಫ್ ಕಟ್ಟಿದ ಫ್ಲ್ಯಾಟುಗಳ ಪ್ರಕರಣ ಇದನ್ನು ಮುರಿಯಿತು. ತಡವಾದರೆ ತಿಂಗಳಿಗೆ ಚದರ ಅಡಿಗೆ 5 ರೂಪಾಯಿ ಎಂದು ಅಲ್ಲಿನ ಅಗ್ರಿಮೆಂಟಿನಲ್ಲಿತ್ತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲೆ ವಾರ್ಷಿಕ ಶೇ 6ರ ಬಡ್ಡಿಯ ಪರಿಹಾರವನ್ನೂ ಕೊಡಬೇಕೆಂದಿತು. ಮನೆ ಹಿಡಿದು ಕ್ರಯಪತ್ರ ಮಾಡಿಸಿಕೊಂಡವರು ತಡದ ಪರಿಹಾರದ ಹಕ್ಕು ಕಳೆದುಕೊಳ್ಳುತ್ತಾರೆ ಎಂಬ ವಾದವನ್ನೂ ಆ ತೀರ್ಪು ಒಪ್ಪಲಿಲ್ಲ. ಅದಕ್ಕೂ ಮುಂಚೆ, 2019ರಲ್ಲಿ, ಗುರುಗ್ರಾಮದ ಪಯೋನಿಯರ್ ಯೋಜನೆಯ ಕರಾರನ್ನು ಕೋರ್ಟ್ ಏಕಪಕ್ಷೀಯವೆಂದು ಕರೆದಿತ್ತು. ಕೊಳ್ಳುವವರು ಕಂತು ತಡಮಾಡಿದರೆ ಶೇ 18 ಬಡ್ಡಿ. ಬಿಲ್ಡರ್ ತಡಮಾಡಿದರೆ ಶೇ 9, ಅದೂ ಗ್ರೇಸ್ ಪೀರಿಯಡ್ ಮುಗಿದು ಇನ್ನೊಂದು ವರ್ಷ ಕಾದು ನೋಟಿಸ್ ಕೊಟ್ಟ ಮೇಲೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ಅಗ್ರಿಮೆಂಟಾಗಿ ಟೈಪ್ ಮಾಡಿಸಿದಂತಿತ್ತು ಅದು. ಅತಿಯಾಗಿ ತಡಮಾಡಿ ಕೊನೆಗೆ ಮನೆ ಸಿದ್ಧವೆಂದು ಕರೆದರೂ ಅದನ್ನು ತೆಗೆದುಕೊಳ್ಳಲೇಬೇಕೆಂಬ ಒತ್ತಾಯವಿಲ್ಲ ಎಂದ ಕೋರ್ಟ್, ಶೇ 10.7ರ ಬಡ್ಡಿಯೊಂದಿಗೆ ಹಣ ಮರಳಿಸುವ ಆದೇಶವನ್ನು ಎತ್ತಿಹಿಡಿಯಿತು.

ಆದರೂ ‘ಯಾವಾಗ ಬೇಕಾದರೂ ಹೊರಬರಬಹುದು, ಅವಸರವೇನು’ ಎಂದು ಇದರಿಂದ ತೀರ್ಮಾನಿಸಬಾರದು. 2021ರ ಜನವರಿಯ ಐರಿಯೊ ಗ್ರೇಸ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಕೊಂಡವರನ್ನು ಎರಡು ಗುಂಪು ಮಾಡಿತು. ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಬಂದು ಸ್ವಾಧೀನಕ್ಕೆ ಕರೆ ಹೋಗಿದ್ದ ಬ್ಲಾಕುಗಳವರು ತಡದ ಪರಿಹಾರ ಪಡೆದು ಮನೆ ತೆಗೆದುಕೊಳ್ಳಬೇಕು. ಓಸಿ ಬಾರದ ಬ್ಲಾಕುಗಳವರು ಹಣ ಹಿಂಪಡೆಯಬಹುದು. ಅದು ಗ್ರಾಹಕ ವೇದಿಕೆಯಿಂದ ಬಂದ ಪ್ರಕರಣ, ರೇರಾ ದೂರಿನಲ್ಲಿ ನ್ಯೂಟೆಕ್ ತೀರ್ಪಿನ ಮಾತಿಗೆ ಹೆಚ್ಚು ತೂಕ ಎಂದು ವಾದಿಸಬಹುದು. ಹಾಗಿದ್ದೂ ವಿವೇಕ ಹೇಳುವುದು ಇಷ್ಟು: ಹೊರಬರುವ ಮನಸ್ಸಿದ್ದರೆ ಓಸಿ ಬರುವ ಮುನ್ನವೇ ಬರಹದಲ್ಲಿ ತಿಳಿಸಬೇಕು. ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಓಸಿ ಇಲ್ಲದೆ ಕೀ ಕೊಟ್ಟು ‘ಸ್ವಾಧೀನ ಕೊಟ್ಟಾಯಿತು’ ಎನ್ನುವ ರೂಢಿ ಬೆಂಗಳೂರಿಗೆ ಹೊಸದಲ್ಲ. ಕಾನೂನು ಅದನ್ನು ಸರಿಯಾದ ಸ್ವಾಧೀನವೆಂದು ಒಪ್ಪುವುದಿಲ್ಲ. ಅಲ್ಲದೆ 2024ರ ಡಿಸೆಂಬರಿನಲ್ಲಿ, ಓಸಿ ತೋರಿಸಿದ ಮೇಲೆಯೇ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ಅಂಥ ಕೀ ಇಸಿದುಕೊಂಡವರು ಹಣದ ಹಕ್ಕನ್ನು ದುರ್ಬಲಗೊಳಿಸಿಕೊಂಡು, ಮೀಟರಿಲ್ಲದ ಮನೆಯಲ್ಲಿ ಕೂರಬೇಕಾದೀತು.

ಇಲ್ಲಿಯವರೆಗೆ ಹೇಳಿದ್ದು ಕೊಂಡವರಿಗೆ ಅನುಕೂಲವಾದ ಸತ್ಯಗಳು. ವೃಥಾ ಧೈರ್ಯ ತುಂಬುವ ಕಲ್ಪನೆಗಳಲ್ಲಿ ಅತ್ಯಂತ ಅಪಾಯಕಾರಿ, ರೇರಾ ಆದೇಶ ಬಂದರೆ ಹಣ ಬಂದಂತೆ ಎಂಬುದು. ಆದೇಶವನ್ನು ಬಿಲ್ಡರ್ ಪಾಲಿಸದಿದ್ದರೆ 40ನೇ ಸೆಕ್ಷನ್ ಪ್ರಕಾರ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು. ರೇರಾ ವಸೂಲಿ ಪತ್ರ ಹೊರಡಿಸುತ್ತದೆ, ಅದು ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗುತ್ತದೆ. ಕಂದಾಯ ಇಲಾಖೆಗೆ ಇದು ಹತ್ತರ ಜೊತೆ ಹನ್ನೊಂದನೆಯ ಕೆಲಸ. ಬಿಲ್ಡರನ ಆಸ್ತಿ ಎಲ್ಲಿದೆ, ಯಾವ ಬ್ಯಾಂಕಿಗೆ ಅಡಮಾನವಾಗಿದೆ ಎಂದು ಪತ್ತೆ ಹಚ್ಚುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ಕರ್ನಾಟಕದಲ್ಲಿ ಹೀಗೆ ಆದೇಶವಾಗಿಯೂ ವಸೂಲಾಗದೆ ಉಳಿದ ಮೊತ್ತ ನೂರಾರು ಕೋಟಿ ರೂಪಾಯಿ. ಇದು ಆಡಳಿತದ ದೊಡ್ಡ ವೈಫಲ್ಯ. ಸಂಬಳದ ಅರ್ಧವನ್ನು ಕಂತಿಗೂ ಉಳಿದರ್ಧದ ದೊಡ್ಡ ಪಾಲನ್ನು ಬಾಡಿಗೆಗೂ ಕಟ್ಟುತ್ತಿರುವ ಕುಟುಂಬದ ಕೈಗೆ ಗೆದ್ದ ಆದೇಶವೊಂದನ್ನು ಕೊಟ್ಟು ಕಳಿಸುವುದು ನ್ಯಾಯದಾನವಲ್ಲ. ಬಿಲ್ಡರ್ ಮೇಲ್ಮನವಿಗೆ ಹೋಗಬೇಕಾದರೆ ಕೊಂಡವರಿಗೆ ಸಲ್ಲಬೇಕಾದ ಪೂರ್ತಿ ಮೊತ್ತವನ್ನು ಬಡ್ಡಿ ಸಮೇತ ಮೊದಲು ಠೇವಣಿ ಇಡಬೇಕೆಂಬ 43ನೇ ಸೆಕ್ಷನ್ನಿನ ನಿಯಮ ನಿಜವಾದ ಆಸರೆ. ಆದರೆ ಮೇಲ್ಮನವಿಗೆ ಹೋಗುವ ಬಿಲ್ಡರ್ ಎಂದರೆ ಹಣವಿರುವ ಬಿಲ್ಡರ್. ಹಣವಿಲ್ಲದವನು ಸುಮ್ಮನೆ ಕೂರುತ್ತಾನೆ.

ಹಣವಿಲ್ಲದವನು ದಿವಾಳಿ ಪ್ರಕ್ರಿಯೆಗೆ ಸಿಲುಕಿದರಂತೂ ಲೆಕ್ಕ ತಲೆಕೆಳಗಾಗುತ್ತದೆ. ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಅರ್ಜಿಯನ್ನು ಸ್ವೀಕರಿಸಿದ ದಿನದಿಂದ ಉಳಿದ ವಸೂಲಾತಿಗಳೆಲ್ಲ ಸ್ಥಗಿತ. 2018ರಿಂದ ಮನೆ ಕೊಂಡವರನ್ನೂ ಹಣಕಾಸು ಸಾಲದಾತರೆಂದು, ಅಂದರೆ ಸಾಲ ಕೊಟ್ಟವರೆಂದು, ಕಾನೂನು ಪರಿಗಣಿಸುತ್ತದೆ. ಆದರೆ 2020ರ ತಿದ್ದುಪಡಿಯ ನಂತರ ಅವರು ಅರ್ಜಿ ಹಾಕಬೇಕಾದರೆ ಅದೇ ಯೋಜನೆಯ 100 ಮಂದಿ ಅಥವಾ ಒಟ್ಟು ಕೊಂಡವರಲ್ಲಿ ಶೇ 10ರಷ್ಟು ಮಂದಿ ಜೊತೆಗೂಡಬೇಕು. ರೇರಾದಲ್ಲಿ ಹಣ ವಾಪಸಿನ ಆದೇಶ ಪಡೆದವರನ್ನು ಇತರ ಮನೆ ಕೊಂಡವರಿಗಿಂತ ಕೀಳಾಗಿ ಕಾಣಬಾರದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದ್ದು ಸಮಾಧಾನದ ಸಂಗತಿ. ಕೀಳಲ್ಲ ಎಂದರೆ ಮೇಲೂ ಅಲ್ಲ: ಗೆದ್ದ ಆದೇಶವಿದ್ದರೂ ಎಲ್ಲರ ಸಾಲಿನಲ್ಲೇ ನಿಲ್ಲಬೇಕು.

ಇದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದರೆ, ಹಕ್ಕಿದೆ ಎಂಬ ಕಾರಣಕ್ಕೆ ಹೊರಬರುವುದೂ ಹಣ ಹಾಕಿದ್ದೇವೆ ಎಂಬ ಕಾರಣಕ್ಕೆ ಉಳಿಯುವುದೂ ಒಂದೇ ಜಾತಿಯ ತಪ್ಪುಗಳು ಎಂದು ನನಗನ್ನಿಸುತ್ತದೆ. ಎರಡರಲ್ಲೂ ಬಿಲ್ಡರನ ಕಸುವನ್ನು ಯಾರೂ ಅಳೆಯುವುದಿಲ್ಲ. ಅಳೆಯಲು ದಾರಿಗಳಿವೆ. ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ತ್ರೈಮಾಸಿಕ ವರದಿ, ಮಾರಾಟವಾದ ಮತ್ತು ಉಳಿದ ಫ್ಲ್ಯಾಟುಗಳ ಲೆಕ್ಕ, ಹೂಡಿರುವ ದೂರುಗಳು ಸಿಗುತ್ತವೆ. ಜಮೀನಿನ ಋಣಭಾರ ಪತ್ರ ಅಡಮಾನದ ಕಥೆ ಹೇಳುತ್ತದೆ. ಎನ್‌ಸಿಎಲ್‌ಟಿಯಲ್ಲಿ ಅರ್ಜಿ ಇದೆಯೇ ಎಂದು ಹುಡುಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಸೈಟಿಗೆ ಹೋಗಿ ನೋಡಬಹುದು. ಸ್ಲ್ಯಾಬುಗಳೆಲ್ಲ ಬಿದ್ದು, ಪ್ಲಾಸ್ಟರಿಂಗ್ ಮುಗಿದು, ಲಿಫ್ಟ್ ಮತ್ತು ವೈರಿಂಗ್ ಕೆಲಸ ನಡೆಯುತ್ತಿದ್ದು, ಮಾರದ ಫ್ಲ್ಯಾಟುಗಳು ಇನ್ನೂ ಇದ್ದರೆ ಆ ಬಿಲ್ಡರನಿಗೆ ಹಣದ ಮೂಲವಿದೆ. ಅಲ್ಲಿ ಉಳಿದು ಪ್ರತಿ ತಿಂಗಳ ಬಡ್ಡಿ ಕೇಳುವುದು ಹೆಚ್ಚು ಫಲಕಾರಿ. 60 ಲಕ್ಷ ಕಟ್ಟಿದವರಿಗೆ ಶೇ 10ರ ದರ ಎಂದಿಟ್ಟುಕೊಂಡರೂ ಅದು ತಿಂಗಳಿಗೆ 50,000 ರೂಪಾಯಿ, ಕೊನೆಯ ಕಂತಿನಲ್ಲಿ ಮುರಿದುಕೊಳ್ಳಬಹುದಾದ ಮೊತ್ತ. ಹೊರಬಂದರೆ ಸಿಗುವುದು ಸರಳ ಬಡ್ಡಿ; ಐದು ವರ್ಷಕ್ಕೆ 60 ಲಕ್ಷ 90 ಲಕ್ಷವಾದೀತು, ಆದರೆ ಅದೇ ಬಡಾವಣೆಯಲ್ಲಿ ಅಂಥದೇ ಮನೆ ಈಗ ಒಂದೂಕಾಲು ಕೋಟಿ ಆಗಿದ್ದರೆ ಹೊರಬಂದವರು ಮನೆ ಕಳೆದುಕೊಂಡಂತೆ. ಕೆಲಸ ನಿಂತು ಸರಳುಗಳು ತುಕ್ಕು ಹಿಡಿದಿದ್ದು, ಬಹುಪಾಲು ಫ್ಲ್ಯಾಟು ಮಾರಿ ಹಣವೆಲ್ಲ ಮುಗಿದಿದ್ದರೆ ಮನೆ ಬರುವುದಿಲ್ಲ. ಅಲ್ಲಿ ಬೇಗ ಆದೇಶ ಪಡೆದು, ಬಿಲ್ಡರನ ಬೇರೆ ಆಸ್ತಿಗಳ ವಿವರ ಕೈಯಲ್ಲಿಟ್ಟುಕೊಂಡು ವಸೂಲಿಯ ಹಿಂದೆ ಬೀಳಬೇಕು.

ಹಣದ ವಿಷಯದಲ್ಲೇ ಎರಡು ಮಾತು. ಬಿಲ್ಡರ್ ಮನೆ ಕೊಡದಿದ್ದರೆ ಇಎಂಐ ನಿಲ್ಲಿಸಬಹುದೆಂದು ಕೆಲವರು ಭಾವಿಸುತ್ತಾರೆ. ಬ್ಯಾಂಕಿನ ಸಾಲ ಬೇರೆಯೇ ಕರಾರು, ಕಂತು ತಪ್ಪಿದರೆ ಕೆಡುವುದು ನಿಮ್ಮ ಸಿಬಿಲ್ ಅಂಕ. ಇನ್ನು ಜಿಎಸ್‌ಟಿ ಹೋದರೆ ಹೋಯಿತು ಎಂಬ ಮಾತು. 2022ರ ಡಿಸೆಂಬರಿನ ಸುತ್ತೋಲೆಯಂತೆ, ಕರಾರು ರದ್ದಾದಾಗ ಬಿಲ್ಡರ್ ಅದನ್ನು ಮರಳಿಸಲಾಗದಿದ್ದರೆ ಕೊಂಡವರೇ ಇಲಾಖೆಗೆ ಅರ್ಜಿ ಹಾಕಿ ಪಡೆಯಬಹುದು. ರದ್ದತಿ ಪತ್ರದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.

ಒಂದು ಆಕ್ಷೇಪಕ್ಕೆ ಮಾತ್ರ ಸಲೀಸಾದ ಉತ್ತರವಿಲ್ಲ. ಎಲ್ಲರೂ ಹಣ ಕೇಳಿದರೆ ಯೋಜನೆ ಕುಸಿಯುತ್ತದೆ, ಉಳಿದವರು ಬೀದಿಗೆ ಬೀಳುತ್ತಾರೆ ಎಂದು ಬಿಲ್ಡರುಗಳೂ ಹೇಳುತ್ತಾರೆ, ಸಹ ಖರೀದಿದಾರರೂ ಹೇಳುತ್ತಾರೆ. ಬಿಲ್ಡರನ ಬಾಯಲ್ಲಿ ಅದು ಕಾಲಹರಣದ ತಂತ್ರವಾಗಿರಬಹುದು, ಸಹ ಖರೀದಿದಾರರ ಬಾಯಲ್ಲಿ ಅದು ನಿಜವಾದ ಅಳಲು. ಯೋಜನೆಯ ಖಾತೆಯಲ್ಲಿರುವ ಹಣ ಸೀಮಿತ. ಸಂಗ್ರಹವಾದ ಹಣದಲ್ಲಿ ಶೇ 70ನ್ನು ಜಮೀನು ಮತ್ತು ಕಟ್ಟಡಕ್ಕೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬ ನಿಯಮ ಇರುವುದೇ ಆ ಕಾರಣಕ್ಕೆ. ಆದರೂ ಒಬ್ಬ ಖರೀದಿದಾರನ ಮೇಲೆ ಇಡೀ ಯೋಜನೆಯ ಹೊರೆ ಹೊರಿಸಿ, ಅವನ ಮಕ್ಕಳ ಶಾಲೆ, ತಂದೆತಾಯಿಯ ಔಷಧಿ ಎಲ್ಲವನ್ನೂ ಕಾಯಿಸುವುದು ನ್ಯಾಯವಲ್ಲ. ಕಾಯ್ದೆ ಇಲ್ಲಿ ಮೂರನೆಯ ದಾರಿಯೊಂದನ್ನು ತೆರೆದಿದೆ, ಅದನ್ನು ಬಳಸಿಕೊಂಡವರು ಕಡಿಮೆ. ನೋಂದಣಿಯ ಅವಧಿ ಮುಗಿದರೆ ಅಥವಾ ರದ್ದಾದರೆ, ಉಳಿದ ಕೆಲಸ ಪೂರೈಸುವ ಮೊದಲ ಹಕ್ಕು 8ನೇ ಸೆಕ್ಷನ್ ಪ್ರಕಾರ ಖರೀದಿದಾರರ ಸಂಘದ್ದು. ಅದಕ್ಕೆ ಸಂಘ ಮೊದಲೇ ಇರಬೇಕು, ಮತ್ತು ಬಹುಪಾಲು ಫ್ಲ್ಯಾಟುಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಅನುವು ಮಾಡಿಕೊಡುವುದು ಬಿಲ್ಡರನದೇ ಕರ್ತವ್ಯವೆಂದು ಅದೇ ಕಾಯ್ದೆ ಹೇಳುತ್ತದೆ. ಹೊರಬರುವ ಪತ್ರ ಬರೆಯುವ ಮೊದಲು ತಮ್ಮ ಯೋಜನೆಯಲ್ಲಿ ಅಂಥ ಸಂಘವಿದೆಯೇ, ಇಲ್ಲದಿದ್ದರೆ ಅದನ್ನು ಕಟ್ಟಲು ಎಷ್ಟು ಮಂದಿ ಸಿದ್ಧರಿದ್ದಾರೆ ಎಂದು ವಿಚಾರಿಸಿದವರಿಗೆ, ಉಳಿಯುವುದರ ಬೆಲೆಯೂ ಹೊರಬರುವುದರ ಬೆಲೆಯೂ ಬೇರೆಯಾಗಿಯೇ ಕಾಣಬಹುದು.