ವಿದ್ಯುನ್ಮಾನ ಸರಕಿನಲ್ಲಿ ವಿಷವಸ್ತು: ನಂಬಿಕೆ ಮತ್ತು ನಿಜ

ಟಿವಿ, ಮೊಬೈಲ್, ಕಂಪ್ಯೂಟರ್, ಫ್ರಿಜ್‌ಗಳಲ್ಲಿ ಆರು ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ನಿಯಮ ಭಾರತದಲ್ಲಿ 2014ರ ಮೇ 1ರಿಂದ ಜಾರಿಯಲ್ಲಿದೆ. ಸೀಸ, ಪಾದರಸ, ಹೆಕ್ಸಾವೇಲೆಂಟ್ ಕ್ರೋಮಿಯಂ, ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಂತೆ ಬೆರೆಸುವ ಪಿಬಿಬಿ ಮತ್ತು ಪಿಬಿಡಿಇ, ಈ ಐದಕ್ಕೆ ಶೇ. 0.1ರ ಮಿತಿ, ಕ್ಯಾಡ್ಮಿಯಂಗೆ ಶೇ. 0.01. ಈ ಮಿತಿಗಳನ್ನು ಈಗ ಹೇಳುವುದು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು. ಅವು 2023ರ ಏಪ್ರಿಲ್ 1ರಂದು ಜಾರಿಗೆ ಬಂದವು. ಹಿಂದೆ 21 ಬಗೆಯ ಸರಕುಗಳಿದ್ದ ಪಟ್ಟಿ 106ಕ್ಕೆ ಬೆಳೆದು, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಯಂತ್ರ, ಆಂಪ್ಲಿಫೈಯರ್‌ಗಳೂ ಅದರೊಳಗೆ ಬಂದಿವೆ. ಅಂದರೆ ಗೋಕಾಕದ ಮಮದಾಪುರದಂಥ ಊರಿನ ಮನೆಯಲ್ಲಿರುವ ವಿದ್ಯುತ್ ಸಾಮಾನುಗಳಲ್ಲಿ ಬಹುಪಾಲು ಈ ಪಟ್ಟಿಯವೇ. ನಿಯಮದ ಬಗ್ಗೆ ಹಬ್ಬಿರುವ ತಿಳಿವಳಿಕೆ ಮಾತ್ರ ಅರ್ಧಂಬರ್ಧ.

ಐಎಸ್‌ಐ ಗುರುತೋ ಬಿಐಎಸ್ ನೋಂದಣಿ ಸಂಖ್ಯೆಯೋ ಇದ್ದರೆ ಸಾಮಾನು ವಿಷರಹಿತ ಎಂಬುದು ಮೊದಲ ತಪ್ಪು ಕಲ್ಪನೆ. ವಿದ್ಯುನ್ಮಾನ ಸರಕುಗಳಿಗೆ 2012ರ ಆದೇಶದ ಮೇರೆಗೆ ಬಂದ ಕಡ್ಡಾಯ ಬಿಐಎಸ್ ನೋಂದಣಿ ನೋಡುವುದು ಸುರಕ್ಷತೆಯನ್ನು: ಶಾಕ್ ಹೊಡೆಯಬಾರದು, ಕಾದು ಬೆಂಕಿ ಹತ್ತಬಾರದು. ಸೀಸ ಎಷ್ಟಿದೆ ಎಂದು ಅದು ಕೇಳುವುದಿಲ್ಲ. ವಿಷವಸ್ತು ಮಿತಿಗೆಂದು ಭಾರತದಲ್ಲಿ ಪ್ರತ್ಯೇಕ ಸರ್ಕಾರಿ ಮುದ್ರೆಯೇ ಇಲ್ಲ. ಉತ್ಪಾದಕರು ತಮ್ಮ ಸರಕು ನಿಯಮಬದ್ಧವಾಗಿದೆ ಎಂದು ಬಳಕೆದಾರರ ಕೈಪಿಡಿಯಲ್ಲಿ ತಾವೇ ಘೋಷಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರುಕಟ್ಟೆಯಿಂದ ಅಲ್ಲೊಂದು ಇಲ್ಲೊಂದು ಮಾದರಿ ಎತ್ತಿ ಪರೀಕ್ಷಿಸುತ್ತದೆ. ಮಿತಿ ಮೀರಿದ್ದರೆ ಉತ್ಪಾದಕರು ಆ ಸರಕನ್ನು ಹಿಂಪಡೆಯಬೇಕು. ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರವನ್ನು ಯಾರೂ ಓದುವುದಿಲ್ಲ, ಆದರೆ ಕಾನೂನಿನ ತೂಕವೆಲ್ಲ ಇರುವುದು ಅಲ್ಲಿಯೇ.

ಎರಡನೆಯದು ತಯಾರಕರನ್ನೂ ದಾರಿ ತಪ್ಪಿಸುವಂಥದು: ಶೇ. 0.1 ಎಂದರೆ ಇಡೀ ಸಾಮಾನಿನ ತೂಕದಲ್ಲಿ ಶೇ. 0.1 ಎಂಬ ಎಣಿಕೆ. ಹಾಗಿದ್ದರೆ ಒಂದು ಕಿಲೋ ತೂಗುವ ಯಂತ್ರದಲ್ಲಿ ಒಂದು ಗ್ರಾಂ ಸೀಸ ಸಲೀಸಾಗಿ ಹಿಡಿಸುತ್ತಿತ್ತು, ಯಂತ್ರ ಭಾರವಾದಷ್ಟೂ ಕಾನೂನು ಸಡಿಲವಾಗುತ್ತಿತ್ತು. ನಿಯಮ ಅಳೆಯುವುದು ಏಕರೂಪದ ಪ್ರತಿಯೊಂದು ವಸ್ತುವನ್ನು, ಅಂದರೆ ತಿರುಪು ಬಿಚ್ಚಿ, ಕತ್ತರಿಸಿ, ಕೆರೆದು ಇನ್ನು ಬೇರ್ಪಡಿಸಲಾಗದ ಘಟ್ಟದಲ್ಲಿ ಉಳಿಯುವ ವಸ್ತುವನ್ನು. ತಂತಿಯ ಮೇಲಿನ ಪ್ಲಾಸ್ಟಿಕ್ ಒಂದು ವಸ್ತು, ಒಳಗಿನ ತಾಮ್ರ ಇನ್ನೊಂದು, ತುದಿಯ ಸಾಸಿವೆಗಾತ್ರದ ಬೆಸುಗೆ ಮತ್ತೊಂದು. ಹಳೆಯ ಬಗೆಯ ಬೆಸುಗೆಯಲ್ಲಿ ತವರ ಶೇ. 63, ಸೀಸ ಶೇ. 37, ಮಿತಿಯ 370 ಪಟ್ಟು. ಅಂಥ ಒಂದೇ ಒಂದು ಬೆಸುಗೆ ಸಾಕು, ಇಡೀ ಯಂತ್ರ ನಿಯಮದ ಹೊರಗೆ. ಇದೇ ಕಾರಣಕ್ಕೆ ಕಾರ್ಖಾನೆಗಳು ತವರ, ಬೆಳ್ಳಿ, ತಾಮ್ರದ ಬೆಸುಗೆಗೆ ಹೊರಳಿದವು. ಹಳೆಯದು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತಿತ್ತು, ಹೊಸದಕ್ಕೆ 217 ಡಿಗ್ರಿಯಾದರೂ ಬೇಕು. ಕೈಯಲ್ಲಿ ಹಿಡಿಯುವ ಎಕ್ಸ್‌-ಕಿರಣ ಯಂತ್ರದಿಂದ ಎಲ್ಲವೂ ಕ್ಷಣದಲ್ಲಿ ಗೊತ್ತಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಅದು ಒಟ್ಟು ಕ್ರೋಮಿಯಂ, ಒಟ್ಟು ಬ್ರೋಮಿನ್ ತೋರಿಸಬಲ್ಲದು; ಆ ಕ್ರೋಮಿಯಂ ಹೆಕ್ಸಾವೇಲೆಂಟ್ ರೂಪದ್ದೇ, ಆ ಬ್ರೋಮಿನ್ ಪಿಬಿಡಿಇಯದೇ ಎಂದು ಹೇಳಲು ಪ್ರಯೋಗಾಲಯದ ರಾಸಾಯನಿಕ ಪರೀಕ್ಷೆಯೇ ಆಗಬೇಕು.

ಮಿತಿಯೆಂದರೆ ಶೂನ್ಯವೂ ಅಲ್ಲ. ಪರ್ಯಾಯ ಸಿಗದ ಕಡೆ ವಿನಾಯಿತಿಗಳಿವೆ: ಉಕ್ಕಿನಲ್ಲಿ ಶೇ. 0.35, ಅಲ್ಯೂಮಿನಿಯಂನಲ್ಲಿ ಶೇ. 0.4, ತಾಮ್ರದ ಮಿಶ್ರಲೋಹದಲ್ಲಿ ಶೇ. 4ರವರೆಗೆ ಸೀಸವಿರಬಹುದು. ಹಿತ್ತಾಳೆಯ ಪ್ಲಗ್ ಪಿನ್ನಿನಲ್ಲಿ ಸೀಸ ಸಿಕ್ಕಿತೆಂದು ತಯಾರಕರನ್ನು ಕಳ್ಳರೆನ್ನುವಂತಿಲ್ಲ.

ಸೀಸದ ಬೆಸುಗೆ ತಂತಿ ಬಳಸುವ ರಿಪೇರಿ ಅಂಗಡಿಯವರು ಕಾನೂನು ಮುರಿಯುತ್ತಿದ್ದಾರೆಯೇ? ಮಿತಿಯ ಹೊಣೆಯನ್ನು ನಿಯಮ ಹೊರಿಸಿರುವುದು ಹೊಸ ಸರಕನ್ನು ಮಾರುಕಟ್ಟೆಗೆ ಬಿಡುವ ಉತ್ಪಾದಕರ ಮೇಲೆ. 2014ರ ಮೇ 1ಕ್ಕಿಂತ ಮೊದಲು ಮಾರಾಟಕ್ಕೆ ಬಂದ ಯಂತ್ರಗಳಿಗೆ ನಿಯಮಬದ್ಧ ಬಿಡಿಭಾಗ ಸಿಗದಿದ್ದರೆ ಹಳೆಯ ಬಗೆಯದನ್ನೇ ಹಾಕಲು ಅವಕಾಶವಿದೆ. ರಿಪೇರಿಯವರಿಗೆ ಕಾನೂನಿಗಿಂತ ದೇಹದ ಚಿಂತೆ ದೊಡ್ಡದಾಗಬೇಕು. ಅಲ್ಲಿಯೂ ಒಂದು ತಪ್ಪು ಗ್ರಹಿಕೆ ಇದೆ: ಬೆಸುಗೆಯ ಹೊಗೆಯೇ ಸೀಸದ ಹೊಗೆ ಎಂಬುದು. ಸೀಸ ಕುದಿಯುವುದು ಸುಮಾರು 1,750 ಡಿಗ್ರಿಗೆ. ಬೆಸುಗೆ ಕಡ್ಡಿಯ ಬಿಸಿ 350ರ ಆಸುಪಾಸು. ಆ ಹೊಗೆ ಬಹುತೇಕ ಬೆಸುಗೆ ತಂತಿಯೊಳಗಿನ ರಾಳದ್ದು. ಅದೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ದಮ್ಮು ತರಬಲ್ಲದು. ಸೀಸ ಒಳಹೋಗುವುದು ಬೆರಳಿನಿಂದ ಬಾಯಿಗೆ. ತಂತಿ ಹಿಡಿದ ಕೈಯಲ್ಲೇ ತಂಬಾಕು ತಿಕ್ಕುವುದು, ಚಹಾ ಜೊತೆ ಬಿಸ್ಕತ್ತು ತಿನ್ನುವುದು ಹೊಗೆಗಿಂತ ದೊಡ್ಡ ದಾರಿ. ಸಾಬೂನಿನಿಂದ ಕೈ ತೊಳೆದರೆ ಅದು ಬಹುಮಟ್ಟಿಗೆ ಮುಚ್ಚುತ್ತದೆ. ಸೀಸದ ಭಯ ಕಲ್ಪನೆಯದಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1997–99ರಲ್ಲಿ ಏಳು ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ, 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸದ ಮಟ್ಟ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು.

ಉತ್ಪಾದಕರೆಂದರೆ ದೊಡ್ಡ ಕಂಪನಿ ಎಂದುಕೊಳ್ಳುವುದು ವ್ಯಾಪಾರಿಗಳಿಗೆ ದುಬಾರಿಯಾದೀತು. ಬೇರೆಯವರು ಜೋಡಿಸಿದ ಆಂಪ್ಲಿಫೈಯರ್ ತರಿಸಿ ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುವವರೂ, ಹೊರದೇಶದ ಸರಕು ತಂದು ಮಾರುವವರೂ ಕಾನೂನಿನ ಕಣ್ಣಿನಲ್ಲಿ ಉತ್ಪಾದಕರೇ. ಅತಿ ಸಣ್ಣ ಉದ್ದಿಮೆಗಳನ್ನು ನಿಯಮ ಹೊರಗಿಟ್ಟಿದೆ. ಆದರೆ ಆ ರಿಯಾಯಿತಿ ದೇಶದ ಗಡಿ ದಾಟುವುದಿಲ್ಲ. ಬೆಳಗಾವಿಯಿಂದಲೋ ಬೆಂಗಳೂರಿನಿಂದಲೋ ಯುರೋಪಿಗೆ ಹೋಗುವ ಸರಕು ಅಲ್ಲಿನ ನಿಯಮಕ್ಕೆ ತಲೆಬಾಗಬೇಕು. ಆ ನಿಯಮ 2006ರ ಜುಲೈ 1ರಿಂದಲೇ ಇದ್ದು, 2019ರ ಜುಲೈನಲ್ಲಿ ಪ್ಲಾಸ್ಟಿಕ್ ಮೆದುಗೊಳಿಸುವ ನಾಲ್ಕು ಥಾಲೇಟ್‌ಗಳನ್ನೂ ಸೇರಿಸಿಕೊಂಡು ಹತ್ತು ವಸ್ತುಗಳಿಗೆ ಹಿಗ್ಗಿದೆ. ಭಾರತದ ಮಿತಿಯೊಳಗಿರುವ ಪಿವಿಸಿ ತಂತಿ ಅಲ್ಲಿ ತಿರಸ್ಕೃತವಾಗಬಹುದು.

ನಿಯಮಬದ್ಧ ಸರಕನ್ನು ಎಲ್ಲಿ ಬೇಕಾದರೂ ಎಸೆಯಬಹುದು, ಸುಡಬಹುದು ಎಂಬುದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಪಿವಿಸಿಯಲ್ಲಿರುವ ಕ್ಲೋರಿನ್ ಆರರ ಪಟ್ಟಿಯಲ್ಲೇ ಇಲ್ಲ. ತಾಮ್ರಕ್ಕಾಗಿ ತಂತಿ ಸುಟ್ಟಾಗ ಅದರಿಂದ ಡಯಾಕ್ಸಿನ್ ಹುಟ್ಟುತ್ತದೆ, ತಂತಿ ಹಳೆಯದಿರಲಿ ಹೊಸದಿರಲಿ. ಕೆಟ್ಟ ಸಾಮಾನು ಮೋಡಕಾ ಅಂಗಡಿಯ ಬದಲು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕೆಂಬುದು ಇದೇ ನಿಯಮಗಳ ಇನ್ನೊಂದು ಭಾಗ. ಅಂಥ ಘಟಕಗಳು ಕರ್ನಾಟಕಕ್ಕೆ ಹೊಸವಲ್ಲ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಲ್ಲೇ ಕೆಲಸ ಶುರುಮಾಡಿತು.