ಪೊರೆ ಬಿಡುವ ಗೋಸುಂಬೆ

ಯಲ್ಲಾಪುರ ಕಡೆಯ ವಜ್ರಳ್ಳಿಯ ಮಕ್ಕಳಿಗೆ ಹಾವಿನ ಪೊರೆ ಹೊಸದಲ್ಲ. ತೋಟದ ಪಾಗಾರದ ಕಲ್ಲುಸಂದಿಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಮೂತಿಯಿಂದ ಬಾಲದವರೆಗೆ ಇಡಿಯಾಗಿಯೇ ಸಿಗುತ್ತದೆ. ಓತಿ, ಗೋಸುಂಬೆಗಳ ಪೊರೆ ಕಂಡವರು ಕಡಿಮೆ. ಅವು ತುಂಡು ತುಂಡಾಗಿ ಬಿಡುತ್ತವೆ, ಬಿದ್ದ ತುಂಡು ದರಕಿನಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಮೈತುಂಬ ಬಿಳಿ ಚಿಂದಿ ಇಳಿಬಿಟ್ಟುಕೊಂಡು ಕೂತ ಗೋಸುಂಬೆಯನ್ನು ಮೊದಲ ಸಲ ನೋಡಿದವರಿಗೆ ಅದಕ್ಕೇನೋ ಚರ್ಮರೋಗ ಬಡಿದಿದೆ ಅನ್ನಿಸುವುದು ಸಹಜ. ಪಾಪ ಅನ್ನಿಸಿ ಆ ಚಿಂದಿಯನ್ನು ಕಿತ್ತು ಕೊಡೋಣವೆಂದು ಕೈ ಮುಂದಾಗುತ್ತದೆ. ಆ ಕೈಯನ್ನು ತಡೆಯಬೇಕು.

ಮೊದಲು ಯಾವುದು ಗೋಸುಂಬೆ ಎಂಬುದು ಗೊತ್ತಿರಲಿ. ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆ ಬೇಲಿಯ ಮೇಲೆ ತಲೆ ಕುಣಿಸುತ್ತ ಕೂತು, ಕತ್ತು ಕೆಂಪಾಗಿಸಿ, ಹೆಜ್ಜೆ ಸಪ್ಪಳಕ್ಕೆ ಪುಳಕ್ಕನೆ ಓಡುವುದು ಓತಿಕ್ಯಾತ. ಅಡಿಕೆ ಮರದಿಂದ ಮರಕ್ಕೆ ತೇಲುವುದು ಹಾರುವ ಓತಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆಲ್ಲ ಗೊತ್ತಿರುವ ಪ್ರಾಣಿ. ಬಣ್ಣ ಬದಲಿಸುತ್ತದೆಂಬ ಕಾರಣಕ್ಕೆ ಓತಿಯನ್ನೂ ಗೋಸುಂಬೆ ಎಂದೇ ಕರೆಯುವುದುಂಟು. ನಿಜವಾದ ಗೋಸುಂಬೆ ಓಡುವುದೇ ಇಲ್ಲ. ಬಾಲ ಸೇರಿ ಒಂದಡಿಯ ಆಸುಪಾಸಿನ ಚಪ್ಪಟೆ ಮೈ, ತಲೆಯ ಮೇಲೆ ಶಿರಸ್ತ್ರಾಣ, ಒಂದು ಮುಂದೆ ನೋಡುವಾಗ ಇನ್ನೊಂದು ಹಿಂದೆ ನೋಡಬಲ್ಲ ಗೋಪುರದಂಥ ಕಣ್ಣು, ಸುರುಳಿ ಬಾಲ, ಎರಡು ಮತ್ತು ಮೂರು ಬೆರಳು ಕೂಡಿ ಇಕ್ಕಳವಾದ ಪಾದ. ಭಾರತದಲ್ಲಿ ಇರುವುದು ಒಂದೇ ಜಾತಿ, ಕಮೀಲಿಯೊ ಝೈಲಾನಿಕಸ್. ಅದಕ್ಕೆ ಒಣ ಸೀಮೆಯ ಕುರುಚಲು ಕಾಡು, ಹೊಲದ ಬೇಲಿ ಇಷ್ಟ. ವಜ್ರಳ್ಳಿಯಂಥ ಜಡಿಮಳೆಯ ಊರಿನಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಓತಿಗಳೇ. ಪೊರೆ ಬಿಡುವ ಕ್ರಮ ಮಾತ್ರ ಎಲ್ಲಕ್ಕೂ ಹೆಚ್ಚು ಕಡಿಮೆ ಒಂದೇ.

ಹೊರಚರ್ಮದ ಮೇಲ್ಪದರ ಸತ್ತ ಕೋಶಗಳದು, ನಮ್ಮ ಉಗುರಿನಲ್ಲಿರುವ ಕೆರಾಟಿನ್ ಜಾತಿಯ ವಸ್ತುವಿನದು. ಅದು ಹಿಗ್ಗದು. ಒಳಗೆ ಪ್ರಾಣಿ ಬೆಳೆಯುತ್ತಿದ್ದಂತೆ ಅದರಡಿಯಲ್ಲಿ ಹೊಸ ಪದರ ಸಿದ್ಧವಾಗುತ್ತದೆ. ಹೊಸದು ಪೂರ್ತಿ ಬಲಿತ ಮೇಲೆ ಎರಡರ ನಡುವೆ ದ್ರವ ಜಿನುಗಿ ಹಳೆಯದು ಸಡಿಲವಾಗುತ್ತದೆ. ಆಗ ಮೈ ಮಂಕಾಗಿ, ಬೂದಿ ಬಳಿದ ಹಾಗೆ ಕಾಣುತ್ತದೆ. ಬಣ್ಣ ಹೋಯಿತೆಂದಲ್ಲ. ಗೋಸುಂಬೆಯ ಬಣ್ಣ ಇರುವುದು ಈ ಪದರದ ಕೆಳಗೆ. ಅಲ್ಲಿನ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿವೆ. ಅವುಗಳ ನಡುವಿನ ಅಂತರ ಬದಲಾದರೆ ಮರಳಿ ಹೊಮ್ಮುವ ಬೆಳಕಿನ ಬಣ್ಣವೂ ಬದಲಾಗುತ್ತದೆ ಎಂಬುದನ್ನು ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿದರು. ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಹಳೆಯ ಚರ್ಮ ಈ ಹರಳುಗಳ ಮೇಲೆ ಪರದೆಯಾಗಿ ನಿಂತಿರುತ್ತದೆ, ಅಷ್ಟೇ. ಅದು ಕಳಚಿದ ಮೇಲೆ ನೋಡಬೇಕು ಆ ಹಸಿರಿನ ಹೊಳಪನ್ನು.

ಮರಿಗಳು ಬೇಗ ಬೆಳೆಯುವುದರಿಂದ ಕೆಲವು ವಾರಗಳಿಗೊಮ್ಮೆ ಪೊರೆ ಬಿಡುತ್ತವೆ. ದೊಡ್ಡವು ವರ್ಷದಲ್ಲಿ ಕೆಲವೇ ಸಲ. ಆ ಹೊತ್ತಿನಲ್ಲಿ ಮೇವು ಕಡಿಮೆ, ಸಿಡುಕು ಹೆಚ್ಚು. ಟೊಂಗೆಗೆ ಮೈ ಉಜ್ಜುವುದು, ಕಣ್ಣಿನ ಗೋಪುರವನ್ನು ಉಬ್ಬಿಸಿ ತಿರುಗಿಸುವುದು ಎಲ್ಲ ಪೊರೆ ಬಿಡಿಸಿಕೊಳ್ಳುವ ಕೆಲಸವೇ. ಹೊಸ ಚರ್ಮ ಬಲಿಯುವ ಮೊದಲೇ ನಾವು ಎಳೆದರೆ ಅದೂ ಹರಿದು ಗಾಯವಾಗುತ್ತದೆ, ಗಾಯದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಕೂತು ಕೀವಾಗುತ್ತದೆ.

ತೊಂದರೆ ಇರುವುದು ಪೊರೆ ಬಿಡದೆ ಉಳಿದಾಗ. ಗಾಳಿಯಲ್ಲಿ ತೇವ ಸಾಲದಿದ್ದರೆ, ಪ್ರಾಣಿಗೆ ನೀರು ಸಿಗದಿದ್ದರೆ ಹಳೆಯ ಚರ್ಮ ಒಣಗಿ ಬೆರಳಿಗೆ, ಬಾಲದ ತುದಿಗೆ ಉಂಗುರದ ಹಾಗೆ ಬಿಗಿಯುತ್ತದೆ. ರಕ್ತ ಓಡುವುದಿಲ್ಲ. ಬೆರಳು ಕಪ್ಪಾಗಿ ಉದುರುತ್ತದೆ. ಹಿಡಿತದ ಮೇಲೆಯೇ ಬದುಕುವ ಜೀವಕ್ಕೆ ಬೆರಳು ಹೋದರೆ ಟೊಂಗೆಯೇ ಹೋದ ಹಾಗೆ. ಕಾಡಿನಲ್ಲಿ ಇಬ್ಬನಿ, ಮಳೆಹನಿ, ಒರಟು ತೊಗಟೆ ಪೊರೆ ಬಿಡಿಸಿಕೊಡುತ್ತವೆ. ಸಾಕಲು ಹಿಡಿದಿಟ್ಟ ಡಬ್ಬಿಯಲ್ಲಿ ಇವು ಯಾವುವೂ ಇಲ್ಲ.

ಹಿಡಿದು ತಂದು ಸಾಕುವವರು ಬಟ್ಟಲಲ್ಲಿ ನೀರಿಟ್ಟು ನಿಶ್ಚಿಂತರಾಗುತ್ತಾರೆ. ಗೋಸುಂಬೆ ನಿಂತ ನೀರನ್ನು ಸಾಮಾನ್ಯವಾಗಿ ನೀರೆಂದು ಗುರುತಿಸುವುದೇ ಇಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನೇ ಅದು ನೆಕ್ಕುವುದು. ಬಟ್ಟಲು ತುಂಬಿದ್ದಂತೆಯೇ ಪ್ರಾಣಿ ಬಾಯಾರಿ ಸಾಯುತ್ತದೆ. ಕಣ್ಣು ಗುಳಿಬಿದ್ದರೆ, ಹಿಕ್ಕೆಯ ಬಿಳಿಭಾಗ ಹಳದಿ, ಕಿತ್ತಳೆಗೆ ತಿರುಗಿದರೆ ನೀರು ಸಾಲದೆಂದೇ ಅರ್ಥ.

ಬಿಸಿಲಿನ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ತಿಳಿವಳಿಕೆ ಇದೆ. ಎಲುಬಿಗೆ ಸುಣ್ಣದಂಶ ಹಿಡಿಯಲು ಡಿ3 ಜೀವಸತ್ವ ಬೇಕು, ಅದನ್ನು ಗೋಸುಂಬೆಯ ಚರ್ಮ ಬಿಸಿಲಿನ ನೇರಳಾತೀತ ‘ಬಿ’ ಕಿರಣದಿಂದ ಮಾಡಿಕೊಳ್ಳುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಗಾಜಿನ ಮೂಲಕ ಬರುವ ಬಿಸಿಲಲ್ಲಿಟ್ಟರೆ ಶಾಖ ಸಿಕ್ಕೀತು, ಎಲುಬಿಗೆ ಬೇಕಾದದ್ದು ಸಿಗದು. ಇತ್ತ, ಮೇವಾಗಿ ಕೊಡುವ ಮಿಡತೆ, ಚಿಮ್ಮಂಡೆಗಳಲ್ಲಿ ಸುಣ್ಣದಂಶಕ್ಕಿಂತ ರಂಜಕವೇ ಹೆಚ್ಚು. ಕ್ರಮೇಣ ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ಮೈಗಿಂತ ಉದ್ದದ ನಾಲಿಗೆ ಹೊರಚಿಮ್ಮಲಾರದೆ ಎದುರಿಗಿದ್ದ ಹುಳವೂ ದಕ್ಕುವುದಿಲ್ಲ. ‘ಎ’ ಜೀವಸತ್ವ ಕಡಿಮೆಯಾದರೆ ಕಣ್ಣು ಊದಿಕೊಂಡು ಪೊರೆಯೂ ಸರಿಯಾಗಿ ಕಳಚದು. ಒಂದು ಗುರುತನ್ನಂತೂ ಮರೆಯಬಾರದು: ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂತ ಗೋಸುಂಬೆ ನಿದ್ದೆ ಮಾಡುತ್ತಿಲ್ಲ, ಅದಕ್ಕೆ ಹುಷಾರಿಲ್ಲ.

ವಿದೇಶಗಳಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳು ಯೆಮನ್ ಮೂಲದ ಮುಸುಕು ಗೋಸುಂಬೆಯನ್ನು ಅಂಗಡಿಯಿಂದ ಕೊಂಡು ಸಾಕುವುದಿದ್ದರೆ ಮೇಲಿನದ್ದೆಲ್ಲ ಅವರಿಗೆ ನಿತ್ಯದ ಪಾಠ: ಹನಿ ಬೀಳಿಸುವ ಏರ್ಪಾಡು, ನೇರಳಾತೀತ ದೀಪ, ಮೇವಿಗೆ ಕ್ಯಾಲ್ಸಿಯಂ ಪುಡಿ, ಗಾಳಿಯಾಡುವ ಜಾಲರಿಯ ಗೂಡು, ಸರೀಸೃಪ ಬಲ್ಲ ವೈದ್ಯರು. ನಮ್ಮಲ್ಲಿ ಇಲ್ಲಿನ ಗೋಸುಂಬೆಯನ್ನು ಸಾಕುವ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದ ಗೋಸುಂಬೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಗೋಸುಂಬೆಗಳನ್ನು ಇಟ್ಟುಕೊಂಡವರೂ ನೋಂದಾಯಿಸಬೇಕು. ಕಾನೂನು ಇರದಿದ್ದರೂ ನಾನು ಸಾಕಬೇಡಿ ಎಂದೇ ಹೇಳುತ್ತಿದ್ದೆ. ಒಂಟಿಯಾಗಿ ಬದುಕುವ, ಮುಟ್ಟಿದರೆ ಕಳವಳಗೊಳ್ಳುವ ಈ ಜೀವ ಮನುಷ್ಯನ ಒಡನಾಟದಿಂದ ಯಾವ ಸುಖವನ್ನೂ ಪಡೆಯುವುದಿಲ್ಲ.

ಗೋಸುಂಬೆಗೆ ವಿಷವಿಲ್ಲ. ಹೆದರಿದಾಗ ಮೈ ಉಬ್ಬಿಸಿ, ಬಾಯಿ ತೆರೆದು ಬುಸುಗುಡುವುದರಿಂದ ವಿಷವಿದೆಯೆಂದು ನಂಬಿ ಬಡಿದು ಕೊಲ್ಲುವುದು ಇಂದಿಗೂ ನಿಂತಿಲ್ಲ. ಸಾಮಾನ್ಯವಾಗಿ ಮರ ಬಿಟ್ಟು ಇಳಿಯದ ಗೋಸುಂಬೆ ನೆಲದ ಮೇಲೆ ಕಂಡರೆ ಅದು ಮೊಟ್ಟೆಯಿಡಲು ಹೊರಟ ಹೆಣ್ಣಾಗಿರಬಹುದು. ಮೆತ್ತನೆ ಮಣ್ಣಿನಲ್ಲಿ ಗುಂಡಿ ತೋಡಿ, ಒಂದು ಸಲಕ್ಕೆ ಹತ್ತರಿಂದ ಮೂವತ್ತರವರೆಗೆ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಮತ್ತೆ ಮರ ಹತ್ತುತ್ತದೆ. ಗೂಡಿನಲ್ಲಿ ಕೂಡಿಹಾಕಿದ ಹೆಣ್ಣಿಗೆ ಮಣ್ಣು ಸಿಗದೆ ಮೊಟ್ಟೆ ಹೊಟ್ಟೆಯಲ್ಲೇ ಕಟ್ಟಿಕೊಂಡು ಸಾಯುವುದುಂಟು. ಮರದಿಂದ ಇಳಿದ ಗೋಸುಂಬೆ ರಸ್ತೆ ದಾಟುತ್ತಿದ್ದರೆ ವಾಹನ ನಿಲ್ಲಿಸಿ, ಅದರ ಮುಂದೊಂದು ಕೋಲು ಹಿಡಿಯಿರಿ. ತಾನಾಗಿ ಹತ್ತಿಕೊಳ್ಳುತ್ತದೆ. ಯಾವ ಕಡೆಗೆ ಹೊರಟಿತ್ತೋ ಆ ಕಡೆಯ ಪೊದೆಗೇ ಬಿಡಬೇಕು, ಬಂದ ಕಡೆಗೆ ಬಿಟ್ಟರೆ ಮತ್ತೆ ರಸ್ತೆಗೇ ಇಳಿಯುತ್ತದೆ. ಗಾಯವಾಗಿದ್ದರೆ ಮನೆಮದ್ದು ಬೇಡ, ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ. ಮೈಮೇಲೆ ಬಿಳಿ ಚಿಂದಿ ಮಾತ್ರ ಇದ್ದರೆ ಯಾರಿಗೂ ತಿಳಿಸಬೇಕಾಗಿಲ್ಲ.